ಚಟ್ನಿಪುಡಿ ಅಂಗಡಿಯ ದಿನಚರಿ: ಸಿಒಡಿ ಆರ್ಡರ್ ಕನ್ಫರ್ಮ್ ಮಾಡುವ ಕೆಲಸದ ಮೊದಲ ಎಂಟು ವಾರ

ತುಮಕೂರಿನ ಬಟವಾಡಿಯಲ್ಲಿರುವ ನಮ್ಮ ಮನೆಯಿಂದ ಅತ್ತಿಗೆಯವರು ಮಾಡುವ ಕೊಬ್ಬರಿ ಚಟ್ನಿಪುಡಿ, ಹುಣಸೆ ತೊಕ್ಕು ಮತ್ತು ರಾಗಿ ಹುರಿಹಿಟ್ಟನ್ನು ಆನ್‌ಲೈನಿನಲ್ಲಿ ಮಾರತೊಡಗಿ ಆರು ತಿಂಗಳಾಗುತ್ತ ಬಂತು. ಒಲೆಯ ಕೆಲಸವೆಲ್ಲ ಅವರದು. ವೆಬ್‌ಸೈಟ್, ಪ್ಯಾಕಿಂಗ್, ಕೊರಿಯರ್ ಮತ್ತು ಲೆಕ್ಕಪತ್ರ ನನ್ನದು, ಅದೂ ಕಚೇರಿಯಿಂದ ಬಂದು ಕಾಫಿ ಕುಡಿದ ಮೇಲೆ. ಕೊಬ್ಬರಿಯನ್ನು ತಿಪಟೂರಿನಿಂದ, ಹುಣಸೆಹಣ್ಣನ್ನು ಇಲ್ಲಿಯ ಮಂಡಿಯಿಂದ ತರುವುದರಿಂದ ಕಚ್ಚಾ ಸಾಮಗ್ರಿಗೆ ನಮಗೆ ಕೊರತೆಯಿಲ್ಲ. ಕೊರತೆ ಕಂಡದ್ದು ಕಳಿಸಿದ ಮಾಲಿಗೆ ಹಣ ಬರುವ ಕಡೆಯಲ್ಲಿ.

ನಾಲ್ಕನೆಯ ತಿಂಗಳ ಲೆಕ್ಕವನ್ನು ಮುಂದಿಟ್ಟುಕೊಂಡು ಕುಳಿತಾಗ ಒಟ್ಟು 64 ಕ್ಯಾಶ್ ಆನ್ ಡೆಲಿವರಿ (ಸಿಒಡಿ, ಅಂದರೆ ಮಾಲು ಕೈಸೇರಿದಾಗ ಹಣ ಕೊಡುವ) ಆರ್ಡರುಗಳಲ್ಲಿ 19 ವಾಪಸ್ ಬಂದಿದ್ದವು. ಕೊರಿಯರ್ ಭಾಷೆಯಲ್ಲಿ ಇದಕ್ಕೆ ಆರ್‌ಟಿಒ ಎನ್ನುತ್ತಾರೆ. ಸಾರಿಗೆ ಕಚೇರಿಯ ಆರ್‌ಟಿಒ ಅಲ್ಲ, ಹೊರಟ ಜಾಗಕ್ಕೇ ಮರಳಿದ ಪಾರ್ಸೆಲ್. ನಮ್ಮ ಒಂದು ಪೆಟ್ಟಿಗೆಗೆ ಹೋಗುವಾಗ 74 ರೂಪಾಯಿ, ಬರುವಾಗ 61 ರೂಪಾಯಿ. ಹತ್ತೊಂಬತ್ತು ಪೆಟ್ಟಿಗೆಗೆ 2,565 ರೂಪಾಯಿ ಬರೀ ಓಡಾಟದ ಖರ್ಚಾಯಿತು. ಬಟ್ಟೆಯ ಅಂಗಡಿಯಾಗಿದ್ದರೆ ವಾಪಸ್ ಬಂದ ಸೀರೆಯನ್ನು ಮಡಿಸಿ ಮತ್ತೆ ಕಪಾಟಿನಲ್ಲಿಡಬಹುದಿತ್ತು. ನಮ್ಮದು ತಿನ್ನುವ ವಸ್ತು. ಹದಿನಾರು ದಿನ ಗೋದಾಮಿನಿಂದ ಗೋದಾಮಿಗೆ ಸುತ್ತಿ ಬಂದ ಒಂದು ಪೆಟ್ಟಿಗೆಯನ್ನು ಅತ್ತಿಗೆಯವರು ಬಿಚ್ಚಿ, ಚಿಟಿಕೆ ಚಟ್ನಿಪುಡಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿದರು. ಕೊಬ್ಬರಿ ಕಮಟು ಹಿಡಿದಿತ್ತು. ಏನೂ ಮಾತಾಡದೆ ಪೊಟ್ಟಣವನ್ನು ಬದಿಗಿಟ್ಟು ಕೈ ತೊಳೆಯಲು ಹೋದರು. ಕಳಿಸುವ ಮುನ್ನ ಪ್ರತಿಯೊಂದು ಆರ್ಡರನ್ನೂ ಕನ್ಫರ್ಮ್ ಮಾಡಿಕೊಳ್ಳುವ ಈ ಕೆಲಸ ಶುರುವಾದದ್ದು ಅಂದು ಸಂಜೆ.

ಮೊದಲ ವಾರ

ನಮ್ಮ ತಾಣ ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಎಂಬ ಆನ್‌ಲೈನ್ ಅಂಗಡಿಯ ತಂತ್ರಾಂಶ ಹಾಕಿಕೊಂಡು ನಡೆಯುತ್ತದೆ. ಅದರಲ್ಲಿ ಸಿಒಡಿ ಆರ್ಡರ್ ಬಂದ ಕೂಡಲೇ ‘ಪ್ರೊಸೆಸಿಂಗ್’ ಸ್ಥಿತಿಗೆ ಹೋಗುತ್ತದೆ, ಅಂದರೆ ಪ್ಯಾಕ್ ಮಾಡಿ ಕಳಿಸಲು ಸಿದ್ಧವೆಂದು ಲೆಕ್ಕ. ನಾನು ಕೆಲವು ಸಾಲು ಕೋಡ್ ಸೇರಿಸಿ ಅದು ‘ಆನ್ ಹೋಲ್ಡ್’ ಸ್ಥಿತಿಯಲ್ಲಿ ನಿಲ್ಲುವಂತೆ ಮಾಡಿದೆ. ಗ್ರಾಹಕರೊಡನೆ ಮಾತಾದ ಮೇಲೆ ನಾನೇ ಕೈಯಾರೆ ಮುಂದಕ್ಕೆ ದೂಡಬೇಕು. ಆನ್ ಹೋಲ್ಡ್‌ನಲ್ಲಿದ್ದಾಗಲೂ ದಾಸ್ತಾನಿನಿಂದ ಆ ಪೊಟ್ಟಣ ಕಳೆದಿರುತ್ತದೆ, ಆರ್ಡರ್ ರದ್ದು ಮಾಡಿದರೆ ಮರಳಿ ಸೇರುತ್ತದೆ; ಆದ್ದರಿಂದ ಇದ್ದ ಎಂಟು ಬಾಟಲಿ ತೊಕ್ಕನ್ನು ಹನ್ನೆರಡು ಜನರಿಗೆ ಮಾರುವ ಪ್ರಮಾದವೂ ಆಗುವುದಿಲ್ಲ.

ಆದರೆ ನಾನು ಒಂದನ್ನು ಪರೀಕ್ಷಿಸಲೇ ಇಲ್ಲ. ಆನ್ ಹೋಲ್ಡ್ ಸ್ಥಿತಿಗೆ ಹೋದಾಗ ಗ್ರಾಹಕರಿಗೆ ತಾನಾಗಿ ಒಂದು ಇಮೇಲ್ ಹೋಗುತ್ತದೆ, ಮತ್ತು ನಿಮ್ಮ ಹಣ ಸಂದಾಯವಾದದ್ದು ಖಚಿತವಾಗುವವರೆಗೆ ಆರ್ಡರನ್ನು ತಡೆಹಿಡಿಯಲಾಗಿದೆ ಎಂಬ ಅರ್ಥದ ವಾಕ್ಯ ಅದರಲ್ಲಿರುತ್ತದೆ. ಬ್ಯಾಂಕ್ ವರ್ಗಾವಣೆಗೆ ಸರಿಯಾಗಿ ಹೊಂದುವ ಮಾತು ಅದು. ಮೂರನೆಯ ದಿನ ಬೆಳಿಗ್ಗೆ ಗುಬ್ಬಿಯಿಂದ ಒಬ್ಬರು ಫೋನ್ ಮಾಡಿ, “ಅಲ್ಲಾ ಸಾರ್, ಮನೆಗೆ ತಂದ್ಮೇಲೆ ದುಡ್ಡು ಕೊಡಿ ಅಂತೀರಿ, ಈಗ ನೋಡುದ್ರೆ ದುಡ್ಡು ಬಂದಿಲ್ಲ ಅಂತ ಮೇಲ್ ಹಾಕಿದೀರಿ, ಯಾವ್ದು ನಿಜ?” ಎಂದರು. ತಪ್ಪು ಪೂರ್ತಿ ನನ್ನದು. ಆ ಇಮೇಲಿನ ಒಕ್ಕಣೆಯನ್ನು ಕನ್ನಡದಲ್ಲಿ ಬರೆದು, ನಾವು ಇಂದು ಸಂಜೆ ನಿಮಗೆ ಫೋನ್ ಮಾಡುತ್ತೇವೆ, ಈಗ ಹಣ ಕಟ್ಟುವ ಅಗತ್ಯವಿಲ್ಲ ಎಂದು ಬದಲಾಯಿಸಿದೆ.

ಎರಡನೆಯ ವಾರ

ಮೊದಲು ಎಸ್‌ಎಂಎಸ್ ಮೂಲಕವೇ ಮುಗಿಸಬಹುದೆಂದುಕೊಂಡಿದ್ದೆ. ವ್ಯಾಪಾರದ ಎಸ್‌ಎಂಎಸ್‌ಗಳನ್ನು ಒಟ್ಟಾಗಿ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯ ಪ್ರಕಾರ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ಸಂಸ್ಥೆಯನ್ನೂ, ಕಳುಹಿಸುವ ಹೆಸರನ್ನೂ, ಸಂದೇಶದ ಮಾದರಿಯನ್ನೂ ನೋಂದಾಯಿಸಬೇಕು. ಅದಿರಲಿ ಎಂದರೆ, ಕನ್ನಡದ ಸಂದೇಶಕ್ಕೆ ಸಿಗುವ ಜಾಗವೇ ಕಡಿಮೆ. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ, ಅದೂ ನಾವು ಎಣಿಸುವ ರೀತಿಯ ಅಕ್ಷರವಲ್ಲ. ‘ಶ್ರೀನಿವಾಸಪುರ’ ಎಂಬುದು ನಮ್ಮ ಕಣ್ಣಿಗೆ ಆರು ಅಕ್ಷರ; ಗುಣಿತ ಚಿಹ್ನೆ, ಒತ್ತಕ್ಷರ ಕೂಡಿಸುವ ಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸುವ ಯಂತ್ರಕ್ಕೆ ಹನ್ನೆರಡು, ‘ಶ್ರೀ’ ಒಂದೇ ನಾಲ್ಕನ್ನು ನುಂಗುತ್ತದೆ. ಊರಿನ ಹೆಸರು, ಮೊತ್ತ, ಅಂಗಡಿಯ ಹೆಸರು ಹಾಕುವಷ್ಟರಲ್ಲಿ ಜಾಗ ಮುಗಿಯಿತು. ದಿನಕ್ಕೆ ಎರಡು ಮೂರು ಆರ್ಡರ್ ಬರುವ ಅಂಗಡಿಗೆ ಇಷ್ಟೆಲ್ಲ ಬೇಡವೆಂದು ವಾಟ್ಸಾಪ್ ಬಿಸಿನೆಸ್ ಆ್ಯಪ್ ಮತ್ತು ಫೋನ್ ಎರಡನ್ನೇ ನೆಚ್ಚಿಕೊಂಡೆ.

ಫೋನ್ ಎತ್ತಿಸುವುದೇ ಒಂದು ವಿದ್ಯೆ. ಬೆಳಿಗ್ಗೆ ಹನ್ನೊಂದಕ್ಕೆ ಮಾಡಿದ ಕರೆಗಳಲ್ಲಿ ಅರ್ಧಕ್ಕರ್ಧ ಯಾರೂ ಎತ್ತಲಿಲ್ಲ. ಗುರುತಿಲ್ಲದ ನಂಬರ್ ಎಂದರೆ ಜನರಿಗೆ ಈಗ ಒಟಿಪಿ ಕದಿಯುವವರ ನೆನಪು ಬರುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದ್ದರಿಂದ ಮೊದಲು ಅವರು ಆರಿಸಿದ ಪದಾರ್ಥದ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿ, ಇದೇ ನಂಬರಿನಿಂದ ಸಂಜೆ ಆರೂವರೆಯ ಮೇಲೆ ಕರೆ ಬರುತ್ತದೆ, ಒಟಿಪಿಯನ್ನಾಗಲಿ ಬ್ಯಾಂಕಿನ ವಿವರವನ್ನಾಗಲಿ ನಾವು ಕೇಳುವುದಿಲ್ಲ ಎಂದು ಬರೆಯತೊಡಗಿದೆ. ಕರೆ ಮಾಡಿದಾಗಲೂ “ನಮಸ್ಕಾರ, ತುಮಕೂರಿಂದ ಚಟ್ನಿಪುಡಿಯವರು ಮಾತಾಡ್ತಿರೋದು” ಎಂದು ಪದಾರ್ಥದ ಹೆಸರನ್ನೇ ಮುಂದಿಟ್ಟರೆ ಆ ಕಡೆಯ ದನಿ ತಕ್ಷಣ ಸಡಿಲವಾಗುತ್ತದೆ. ಏಳೂವರೆಯಿಂದ ಒಂಬತ್ತರವರೆಗೆ ಧಾರಾವಾಹಿಯ ಹೊತ್ತು. ಆಗ ಕರೆ ಮಾಡಿ ಒಂದೆರಡು ಮನೆಗಳಲ್ಲಿ ಬೈಸಿಕೊಂಡ ಮೇಲೆ ಆ ವೇಳೆಯನ್ನು ಕೈಬಿಟ್ಟೆ.

ಮೂರನೆಯ ಮತ್ತು ನಾಲ್ಕನೆಯ ವಾರ

ಇಷ್ಟೆಲ್ಲ ಮಾಡಿಯೂ, ಕನ್ಫರ್ಮ್ ಮಾಡಿ ಕಳಿಸಿದ ಮೊದಲ 20 ಪೆಟ್ಟಿಗೆಗಳಲ್ಲಿ ಐದು ವಾಪಸ್ ಬಂದವು. ಇದು ನನಗೆ ಅರ್ಥವಾಗಲಿಲ್ಲ. ಐದು ಜನರೂ ಫೋನಿನಲ್ಲಿ ಹೂಂ ಎಂದವರೇ. ಕರೆಗಳ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದನ್ನು ಮತ್ತೆ ಓದಿದಾಗ ಕಾರಣ ನನ್ನ ಪ್ರಶ್ನೆಯಲ್ಲೇ ಇತ್ತು. ನಾನು ಎಲ್ಲರಿಗೂ “ಆರ್ಡರ್ ಕಳಿಸಬಹುದಾ?” ಎಂದೇ ಕೇಳುತ್ತಿದ್ದೆ. ನಮ್ಮ ಕಡೆಯ ಜನ ಮುಖಕ್ಕೆ ಮುಖ ಕೊಟ್ಟು, ಫೋನಿನಲ್ಲೂ ಅಷ್ಟೇ, ಬೇಡ ಎಂದು ಹೇಳುವುದಿಲ್ಲ. “ಹೂಂ, ಕಳಿಸಿ ಕಳಿಸಿ” ಎಂದು ಮಾತು ಮುಗಿಸುತ್ತಾರೆ. ಮನೆಗೆ ಬಂದ ನೆಂಟರಿಗೆ “ಇನ್ನೊಂದು ದಿನ ಇರಿ” ಎನ್ನುವಷ್ಟೇ ತೂಕ ಆ ಮಾತಿಗೆ.

ಪ್ರಶ್ನೆಯನ್ನು ಬದಲಾಯಿಸಿದೆ. ಈಗ ನಾನು ಬೇಕೋ ಬೇಡವೋ ಎಂದು ಕೇಳುವುದೇ ಇಲ್ಲ. ಹೂಂ ಎಂದು ಉತ್ತರಿಸಲಾಗದಂಥ ಮೂರು ಸಂಗತಿಗಳನ್ನು ಕೇಳುತ್ತೇನೆ: ಮನೆಯ ಹತ್ತಿರ ಗುರುತಿಗೆ ಏನಿದೆ, ಹಗಲಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ, ಅವರ ಕೈಗೆ 380 ರೂಪಾಯಿ ಕೊಟ್ಟು ಹೋಗಿರುತ್ತೀರಾ. ಪದಾರ್ಥ ನಿಜವಾಗಿ ಬೇಕಾದವರು ಇಲ್ಲಿ ಮಾತಿಗಿಳಿಯುತ್ತಾರೆ. ಮಧುಗಿರಿಯ ಒಬ್ಬ ತಾಯಿ, “ಮಾರಮ್ಮನ ಗುಡಿ ದಾಟಿದ್ಮೇಲೆ ನೀಲಿ ಗೇಟು ಕಣಪ್ಪ, ನಾನು ಹಾಲಿಗೆ ಹೋಗಿದ್ರೆ ಎದುರು ಮನೆ ಹುಡುಗನ ಕೈಲಿ ದುಡ್ಡು ಕೊಟ್ಟಿರ್ತೀನಿ, ನಾಯಿ ಕಟ್ಟಾಕಿರುತ್ತೆ, ಹೆದರ್ಕೋಬೇಡ ಅಂತ ಹೇಳು” ಎಂದರು. ಆ ಪೆಟ್ಟಿಗೆ ಮೊದಲ ಪ್ರಯತ್ನದಲ್ಲೇ ತಲುಪಿತು. ಬೇಡವಾದವರು ಎರಡನೆಯ ಪ್ರಶ್ನೆಗೇ ತಡವರಿಸಿ, ಮಗಳು ಸುಮ್ಮನೆ ಒತ್ತಿಬಿಟ್ಟಿದ್ದಾಳೆ, ಸಂಬಳ ಬಂದ ಮೇಲೆ ನೋಡೋಣ, ಎಂದು ತಾವಾಗಿಯೇ ಹೇಳುತ್ತಾರೆ. ನಾನೂ ಒತ್ತಾಯಿಸದೆ, ಪರವಾಗಿಲ್ಲ ಎಂದು ಅಲ್ಲೇ ರದ್ದು ಮಾಡುತ್ತೇನೆ. ಹಾಗೆ ರದ್ದಾದವರಲ್ಲಿ ಇಬ್ಬರು ಮುಂದಿನ ತಿಂಗಳ ಮೊದಲ ವಾರ ಮತ್ತೆ ಆರ್ಡರ್ ಹಾಕಿ ಹಣ ಕೊಟ್ಟು ತೆಗೆದುಕೊಂಡರು.

ಐದನೆಯ ವಾರ

ಈ ವಾರ ಪಿನ್‌ಕೋಡಿನ ಜತೆ ಗುದ್ದಾಡಿದೆ. ದೇಶದಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಮೊದಲ ಮೂರು ಅಂಕಿ ನೋಡಿದರೆ ಯಾವ ಕಡೆಯ ಅಂಚೆ ಎಂದು ತಿಳಿಯುತ್ತದೆ ಎಂಬ ಧೈರ್ಯದಿಂದ, 572 ಎಂದಿದ್ದರೆ ತುಮಕೂರು ಜಿಲ್ಲೆ, 563 ಎಂದಿದ್ದರೆ ಕೋಲಾರ ಜಿಲ್ಲೆ ಎಂದು ತಾಳೆ ನೋಡುವ ಸೂತ್ರವನ್ನು ಎಕ್ಸೆಲ್ ಹಾಳೆಯಲ್ಲಿ ಹಾಕಿದೆ. ತಾಳೆಯಾಗದ ವಿಳಾಸಗಳು ಕೆಂಪಾಗಬೇಕು. ಮೊದಲ ದಿನವೇ ಪಾವಗಡದ ಸರಿಯಾದ ವಿಳಾಸ ಕೆಂಪಾಯಿತು. ಪಾವಗಡ ನಮ್ಮ ಜಿಲ್ಲೆಯ ತಾಲ್ಲೂಕೇ ಆದರೂ ಅದರ ಪಿನ್ 561202. ಚಿಂತಾಮಣಿಯೂ ಕೆಂಪಾಯಿತು: 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದಾಗ ಚಿಂತಾಮಣಿ ಹೊಸ ಜಿಲ್ಲೆಗೆ ಸೇರಿತು, ಅದರ ಪಿನ್ ಮಾತ್ರ ಇಂದಿಗೂ 563125. ಅಂಚೆಯವರ ಗಡಿ ಬೇರೆ, ಕಂದಾಯದವರ ಗಡಿ ಬೇರೆ. ಜಿಲ್ಲೆಯ ಬದಲು ತಾಲ್ಲೂಕಿನ ಪಟ್ಟಿ ಮಾಡಿಕೊಂಡ ಮೇಲೆ ಸೂತ್ರ ಹದಕ್ಕೆ ಬಂತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಊರಿನ ಅಧಿಕೃತ ಹೆಸರು Tumakuru ಎಂದಾಗಿದ್ದರೂ ಇಂಗ್ಲಿಷಿನಲ್ಲಿ ವಿಳಾಸ ತುಂಬುವವರಲ್ಲಿ ಹಲವರು Tumkur ಎಂಬ ಹಳೆಯ ಕಾಗುಣಿತವನ್ನೇ ಬರೆಯುವುದರಿಂದ ಎರಡನ್ನೂ ಒಪ್ಪುವಂತೆ ಮಾಡಬೇಕಾಯಿತು.

ಸೂತ್ರ ಹಿಡಿದ ಒಂದು ನಿಜವಾದ ತಪ್ಪನ್ನು ಇಲ್ಲಿ ಹೇಳಬೇಕು. ನರಸಾಪುರ ಕೈಗಾರಿಕಾ ಪ್ರದೇಶ ಎಂದು ವಿಳಾಸ, ಪಿನ್ 572ರಿಂದ ಆರಂಭ. ನರಸಾಪುರ ಇರುವುದು ಕೋಲಾರ ತಾಲ್ಲೂಕಿನಲ್ಲಿ. ನಮ್ಮ ತುಮಕೂರಿನ ಹತ್ತಿರ ಇರುವುದು ವಸಂತನರಸಾಪುರ. ಕರೆ ಮಾಡಿ ಕೇಳಿದರೆ ಹುಡುಗ ನಕ್ಕು, “ಅಣ್ಣ, ವಸಂತನರಸಾಪುರನೇ, ಎಲ್ರೂ ನರಸಾಪುರ ಅಂತಾನೇ ಅನ್ನೋದು” ಎಂದ. ಪಾರ್ಸೆಲ್ ಕೋಲಾರದ ದಾರಿ ಹಿಡಿಯುವುದು ತಪ್ಪಿತು. ಅವನದು ಪಾಳಿಯ ಕೆಲಸ, ಗೇಟಿನಲ್ಲಿ ಪಾರ್ಸೆಲ್ ಬಿಡುವುದಿಲ್ಲ; ಆದ್ದರಿಂದ ಶಿರಾ ಗೇಟಿನ ಬಳಿ ಅವನ ರೂಮಿನ ವಿಳಾಸವನ್ನು ಬರೆದುಕೊಂಡೆ.

ಆರನೆಯ ವಾರ

ಹೆಚ್ಚು ಹೇಳುವುದಿಲ್ಲ. ಕೊರಿಯರ್‌ನವರ ವರದಿಯಲ್ಲಿ ‘ಗ್ರಾಹಕರು ಲಭ್ಯವಿಲ್ಲ’ ಎಂದು ಬಂದ ಮೂರು ಸಂದರ್ಭಗಳಲ್ಲಿ ಗ್ರಾಹಕರು ಮನೆಯಲ್ಲೇ ಇದ್ದರು, ಯಾರೂ ಬಂದಿರಲಿಲ್ಲ. ಆ ವರದಿ ಬಂದ ದಿನವೇ ಗ್ರಾಹಕರೊಡನೆ ಮಾತಾಡಿ, ಮತ್ತೆ ಕಳಿಸಿ ಎಂದು ಉತ್ತರ ಹಾಕದಿದ್ದರೆ ಪೆಟ್ಟಿಗೆ ತಿರುಗಿಬಿಡುತ್ತದೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಆ ವರದಿಯ ಪುಟ ನೋಡುವ ಅಭ್ಯಾಸವಾಗಿದೆ.

ಏಳನೆಯ ವಾರ

ಸಿಒಡಿಯನ್ನೇ ತೆಗೆದುಹಾಕು, ಎಲ್ಲರ ಕೈಯಲ್ಲೂ ಯುಪಿಐ ಇದೆ ಎಂದು ಸ್ನೇಹಿತರು ಹೇಳುತ್ತಲೇ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಯುಪಿಐ ಇದ್ದೂ ಸಿಒಡಿ ಆರಿಸುವವರು ಪೆಟ್ಟಿಗೆಯನ್ನು ಕಣ್ಣಲ್ಲಿ ನೋಡದೆ ಹೆಸರಿಲ್ಲದ ಅಂಗಡಿಗೆ ಹಣ ಕೊಡಲು ಹಿಂಜರಿಯುತ್ತಾರೆ. ಮೊದಲ ಸಲ ಸಂತೆಯಲ್ಲಿ ಹುಣಸೆಹಣ್ಣು ಕೊಳ್ಳುವಾಗ ನಾನೂ ಒಂದು ಎಸಳು ಬಾಯಿಗೆ ಹಾಕಿಕೊಂಡು ನೋಡಿಯೇ ಚೌಕಾಸಿಗೆ ಇಳಿಯುತ್ತೇನೆ. ಆದರೆ ಕರೆಯ ಕೊನೆಯಲ್ಲಿ, ಈಗಲೇ ಹಣ ಹಾಕಿದರೆ 30 ರೂಪಾಯಿ ಕಡಿಮೆ ಎಂದು ಹೇಳಿ ಮೊತ್ತ ತುಂಬಿದ ಕ್ಯೂಆರ್ ಚಿತ್ರ ಕಳಿಸುತ್ತಿದ್ದೇನೆ. ಈ ವಾರ 14 ಜನರಲ್ಲಿ ನಾಲ್ವರು ಹಾಕಿದರು. ನಾಲ್ವರೂ ಎರಡನೆಯ ಸಲ ಕೊಳ್ಳುತ್ತಿರುವವರು.

ಎಂಟನೆಯ ವಾರ

ಕಳೆದ ನಾಲ್ಕು ವಾರಗಳ ಲೆಕ್ಕ: ಬಂದ ಸಿಒಡಿ ಆರ್ಡರ್ 61, ಮಾತಾಡಿದ ಮೇಲೆ ರದ್ದಾದವು ಅಥವಾ ಮೂರು ದಿನ ಕರೆ ಮಾಡಿಯೂ ಸಿಗದೆ ಬಿಟ್ಟವು 8, ಕಳಿಸಿದವು 53, ವಾಪಸ್ ಬಂದವು 5. ಓಡಾಟದ ನಷ್ಟ 675 ರೂಪಾಯಿ. ಐದರಲ್ಲಿ ಇಬ್ಬರು ನೀಲಿ ಗೇಟಿನವರಂತೆಯೇ ಎಲ್ಲವನ್ನೂ ವಿವರವಾಗಿ ಹೇಳಿ, ಬಾಗಿಲಿನಲ್ಲಿ ಬೇಡವೆಂದರು. ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ಬಿಟ್ಟುಬಿಟ್ಟ ಎಂಟರಲ್ಲಿ ಒಬ್ಬರು ಆಮೇಲೆ ಫೋನ್ ಮಾಡಿ, ಊರಿನಲ್ಲಿ ನೆಟ್‌ವರ್ಕ್ ಇರಲಿಲ್ಲ, ನನ್ನ ಹುರಿಹಿಟ್ಟು ಯಾಕೆ ಕ್ಯಾನ್ಸಲ್ ಮಾಡಿದಿರಿ ಎಂದು ಗದರಿದರು. ಆದ್ದರಿಂದ ಮೂರು ದಿನದ ಗಡುವನ್ನು ಐದಕ್ಕೆ ಏರಿಸಿದ್ದೇನೆ. ದಿನಕ್ಕೆ ಇಪ್ಪತ್ತು ನಿಮಿಷ ಫೋನಿಗೆ ಹೋಗುತ್ತದೆ. ಆರ್ಡರ್ ಮೂರು ಪಟ್ಟಾದರೆ ಒಬ್ಬನಿಂದ ಆಗುವ ಕೆಲಸವಲ್ಲ, ಆಗ ಅಣ್ಣನ ಮಗಳಿಗೆ ಸಂಜೆಯ ಕರೆಗಳನ್ನು ವಹಿಸುವ ಯೋಚನೆಯಿದೆ.

ಇಂದು ಆನ್ ಹೋಲ್ಡ್‌ನಲ್ಲಿ ನಾಲ್ಕು ಆರ್ಡರುಗಳಿವೆ. ಮೂರು ಮಾತಾಗಿ ಮುಗಿದವು. ನಾಲ್ಕನೆಯದು ಪಾವಗಡದ್ದು, ಫೋನೆತ್ತಿದ ಅಜ್ಜಿ ತೆಲುಗಿನಲ್ಲಿ ಮಾತಾಡಿದರು, ನನ್ನ ಅರೆಬರೆ ತೆಲುಗಿನಲ್ಲಿ ತೊಕ್ಕು ಎಂಬ ಮಾತೊಂದೇ ಇಬ್ಬರಿಗೂ ತಿಳಿಯಿತು. ಸೊಸೆ ಎಂಟಕ್ಕೆ ಬರುತ್ತಾಳಂತೆ. ಒಂಬತ್ತು ಗಂಟೆಗೆ ಮತ್ತೆ ಕರೆ ಮಾಡಬೇಕು.