ರಾಯರೇಶ್ವರ: ಏಣಿ ಹತ್ತಿ ಹೋಗುವ ಊರು

ಪುಣೆ, ಪಿಂಪರಿ ಕಡೆಯ ನಮ್ಮ ಕನ್ನಡದವರು ಶನಿವಾರ ಬಂತೆಂದರೆ ಸಿಂಹಗಡ ಇಲ್ಲವೇ ಲೋಣಾವಳ ಎನ್ನುತ್ತಾರೆ. ಎರಡೂ ಕಡೆ ಗಾಡಿ ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಈ ಸಲ ಬೇರೆ ಕಡೆ ಹೋಗೋಣ ಅನ್ನುವವರು ಭೋರ್ ತಾಲೂಕಿನ ರಾಯರೇಶ್ವರಕ್ಕೆ ಹೋಗಿ ಬನ್ನಿ. ಕೋಟೆ ನೋಡುವ ಆಸೆಯಿಂದ ಹೋದರೆ ಮಾತ್ರ ನಿರಾಸೆ ಆದೀತು. ಬುರುಜು, ಕೋಟೆಗೋಡೆ ಹೇಳಿಕೊಳ್ಳುವಷ್ಟಿಲ್ಲ. ಸುಮಾರು 4,500 ಅಡಿ ಎತ್ತರದ ಬಯಲು, ಅದರ ಮೇಲೆ ಅಲ್ಲೊಂದು ಇಲ್ಲೊಂದು ಮನೆ, ಒಂದು ಶಿವನ ಗುಡಿ. ಮನೆ ಬಾಗಿಲವರೆಗೆ ರಸ್ತೆ ಇಲ್ಲದ ಊರು ಅದು. ನೀವು ಆ ಊರಿಗೆ ನೆಂಟರಂತೆ ಹೋಗಬೇಕು ಎಂಬುದೇ ನನ್ನ ಆಸೆ.

ದಾರಿ ಸುಲಭ. ಕಾತ್ರಜ್ ದಾಟಿ ಸಾತಾರಾ ಹೆದ್ದಾರಿ ಹಿಡಿದು, ಕಾಪೂರಹೋಳದಲ್ಲಿ ಬಲಕ್ಕೆ ಹೊರಳಿದರೆ ಭೋರ್. ಅಲ್ಲಿಂದ ಆಂಬವಡೆ, ಕೋರ್ಲೆ. ಒಟ್ಟು 80 ಕಿಲೋಮೀಟರ್ ಆಸುಪಾಸು. ಪೆಟ್ರೋಲ್, ನಗದು, ಔಷಧಿ ಎಲ್ಲ ಭೋರ್‌ನಲ್ಲೇ ಮುಗಿಸಿಕೊಳ್ಳಿ. ಸ್ವಾರಗೇಟಿನಿಂದ ಭೋರ್‌ಗೆ ಎಸ್‌ಟಿ ಬಸ್ಸು ಬೇಕಾದಷ್ಟಿವೆ. ಆದರೆ ಭೋರ್ ದಾಟಿದ ಮೇಲೆ ಬಸ್ಸು ಕಡಿಮೆ. ಕೈಯಲ್ಲಿ ಸ್ವಂತ ಗಾಡಿ ಇದ್ದರೆ ಒಳ್ಳೆಯದು. ಕೋರ್ಲೆ ಆದ ಮೇಲೆ ಘಾಟಿ ರಸ್ತೆಯ ತಿರುವುಗಳು ಕಡಿದಾಗಿವೆ. ಹೊಸದಾಗಿ ಗಾಡಿ ಕಲಿತವರಿಗೆ ಸ್ಟೇರಿಂಗ್ ಕೊಡಬೇಡಿ.

ರಸ್ತೆ ಮುಗಿದಲ್ಲಿ ಗಾಡಿ ಬಿಟ್ಟು ನಡಿಗೆ. ಮೊದಲು ಮೆಟ್ಟಿಲು, ಆಮೇಲೆ ಬಂಡೆಗೆ ಆನಿಸಿದ ಕಬ್ಬಿಣದ ಏಣಿ. ಏಣಿಗೆ ಕೈಹಿಡಿ ಇದೆ, ಗಟ್ಟಿಯಾಗಿದೆ. ನಮ್ಮ ಜೊತೆ ಬಂದಿದ್ದ ವಿಜಾಪುರದ ಸೋದರಮಾವ ಅರವತ್ತು ದಾಟಿದವರು, ನಿಧಾನಕ್ಕೆ ಹತ್ತಿದರು. ಮೊಣಕಾಲು ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮಕ್ಕಳನ್ನು ಇಬ್ಬರು ದೊಡ್ಡವರ ನಡುವೆ ಬಿಟ್ಟುಕೊಳ್ಳಿ. ಕೈ ಎರಡೂ ಖಾಲಿ ಇರಬೇಕು, ಸಾಮಾನೆಲ್ಲ ಬೆನ್ನಿಗೆ.

ಆ ಏಣಿಯ ಮೇಲೆ ನಿಂತು ಒಂದು ಸಲ ಯೋಚಿಸಿ. ಮೇಲಿನವರ ಅಕ್ಕಿ, ಎಣ್ಣೆ, ಸಕ್ಕರೆ, ಗ್ಯಾಸ್ ಸಿಲಿಂಡರ್, ಮನೆಯ ತಗಡು ಎಲ್ಲ ಇದೇ ದಾರಿಯಲ್ಲಿ ತಲೆ ಮೇಲೆ, ಹೆಗಲ ಮೇಲೆ ಹೋಗಿದೆ. ಕೆಲವು ವರ್ಷದ ಹಿಂದೆ ಇಲ್ಲಿನ ರೈತರು ಒಂದು ಟ್ರ್ಯಾಕ್ಟರನ್ನು ಕೆಳಗೆ ಬಿಚ್ಚಿ, ಬಿಡಿಬಿಡಿಯಾಗಿ ಹೊತ್ತು ಹತ್ತಿಸಿ, ಮೇಲೆ ಮತ್ತೆ ಜೋಡಿಸಿದರು. ಪತ್ರಿಕೆಯಲ್ಲಿ ಅದು ಬಂದಾಗ ಓದಿ ಸುಮ್ನೆ ಬಿಟ್ಟಿದ್ದೆ. ಏಣಿ ಕಂಡ ಮೇಲೆ ಅದು ಎಂಥ ಕೆಲಸ ಅಂತ ಗೊತ್ತಾಯಿತು.

ಏಣಿ ಮುಗಿದರೆ ಒಮ್ಮೆಲೆ ಬಯಲು. ಗುಡಿಗೆ ಇನ್ನೂ ಅರ್ಧ ಗಂಟೆ ನಡಿಗೆ. ದಾರಿಯಲ್ಲಿ ಗೋಮುಖದಿಂದ ನೀರು ಬೀಳುವ ಒಂದು ಕುಂಡ ಸಿಗುತ್ತದೆ. ಅದು ಊರವರು ಕುಡಿಯುವ ನೀರು. ಕಾಲು ತೊಳೆಯುವುದು, ಬಾಟಲಿ ಅದ್ದುವುದು ಬೇಡ. ಕಡುಬೇಸಿಗೆಯಲ್ಲಿ ಇಂಥ ಬಯಲಿನ ಒರತೆಗಳು ಸೊರಗುತ್ತವೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರು ತಮ್ಮ ನೀರು ತಾವೇ ಹೊತ್ತುಕೊಂಡು ಹೋಗಿ.

ಗುಡಿ ಚಿಕ್ಕದು, ಕಲ್ಲಿನದು. 1645ರಲ್ಲಿ ಹದಿಹರೆಯದ ಶಿವಾಜಿ ತನ್ನ ಮಾವಳ (ಈ ಸಹ್ಯಾದ್ರಿ ಕಣಿವೆಗಳ) ಗೆಳೆಯರ ಜೊತೆ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದು ಇಲ್ಲಿಯೇ ಎಂದು ಮರಾಠಿ ನಾಡು ನಂಬುತ್ತದೆ. ಪೂಜೆ ತಲೆತಲಾಂತರದಿಂದ ಮೇಲಿನ ಜಂಗಮ ಮನೆತನದವರದ್ದು. ಸುಮಾರು 40 ಮನೆಗಳಿವೆ, ಎಲ್ಲರ ಅಡ್ಡಹೆಸರೂ ಜಂಗಮ. ನಮ್ಮ ಮಾವನಿಗೆ ಅದನ್ನು ಕೇಳಿ ತವರಿಗೆ ಬಂದಷ್ಟು ಖುಷಿ. ಗುಡಿಯ ಕಟ್ಟೆಯ ಮೇಲೆ ಪೂಜಾರಿಯ ಜೊತೆ ಹರಕುಮುರುಕು ಮರಾಠಿಯಲ್ಲಿ ಬಹಳ ಹೊತ್ತು ಮಾತಾಡಿದರು.

ನಾವು ಉಳಿದದ್ದು ಒಂದು ಮನೆಯ ಜಗಲಿಯಲ್ಲಿ. ಊಟಕ್ಕೆ ರಾಗಿ ಭಕ್ರಿ, ಪಿಠಲ, ಠೇಚಾ. ನಮ್ಮ ಕಡೆಯ ಝುಣಕ, ಮೆಣಸಿನಕಾಯಿ ಖಾರ ತಿಂದವರಿಗೆ ಹೊಸದೇನಲ್ಲ. ಆದರೆ ಒಲೆಯ ಮುಂದೆ ಕೂತು ತಿನ್ನುವ ರುಚಿ ಬೇರೆ. ಮನೆಯ ಕಾಕೂ ಮಳೆಗಾಲದ ಬಗ್ಗೆ ಹೇಳಿದ ಮಾತು ನಿಮಗೂ ಹೇಳಬೇಕು. ಜೂನ್ ಹತ್ತಿರ ಬಂದರೆ ಕಟ್ಟಿಗೆ, ಕಾಳು, ಉಪ್ಪು ಎಲ್ಲ ಒಳಗೆ ತುಂಬಿಡಬೇಕು. ಆಮೇಲೆ ದಿನಗಟ್ಟಲೆ ಮಂಜು, ಎದುರು ಮನೆ ಕಾಣುವುದಿಲ್ಲ. ದನಗಳೂ ಅದೇ ಸೂರಿನ ಕೆಳಗೆ. ಬಟ್ಟೆ ಒಲೆಯ ಮೇಲೆಯೇ ಒಣಗಬೇಕು. ಆ ದಿನಗಳಲ್ಲಿ ಯಾರಿಗಾದರೂ ಜ್ವರ ಜಾಸ್ತಿ ಆದರೆ, ಬಸುರಿಗೆ ನೋವು ಕಾಣಿಸಿಕೊಂಡರೆ ಜೋಳಿಗೆ ಕಟ್ಟಿ ನಾಲ್ಕು ಜನ ಹೊತ್ತು ಇಳಿಸಬೇಕು. ದಿನ ತುಂಬುವ ಮೊದಲೇ ಸೊಸೆಯನ್ನು ಕೆಳಗಿನ ನೆಂಟರ ಮನೆಗೆ ಕಳಿಸಿಬಿಟ್ಟೆವು ಅಂದರು. ಚಿಕ್ಕ ಮಕ್ಕಳಿಗೆ ಮೇಲೆಯೇ ಜಿಲ್ಲಾ ಪರಿಷತ್ತಿನ ಶಾಲೆ ಇದೆ. ದೊಡ್ಡವರಾದ ಮೇಲೆ ಓದಲು ಕೆಳಗೆ ಇಳಿಯಲೇಬೇಕು. ಪುಣೆಯಿಂದ ಎರಡೂವರೆ ಗಂಟೆ ದೂರದಲ್ಲಿ ಹೀಗೆ ಬದುಕುತ್ತಾರೆ, ಅಲ್ವಾ? ನನಗೆ ಆ ರಾತ್ರಿ ಬೇಗ ನಿದ್ದೆ ಹತ್ತಲಿಲ್ಲ.

ಇಷ್ಟು ತಿಳಿದ ಮೇಲೆ ನಾವು ಏನು ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಊಟ ಬೇಕಾದರೆ ಮೊದಲೇ ಹೇಳಿ, ಹಿಟ್ಟು ಅವರು ಹೊತ್ತು ತಂದದ್ದು. ಹಣದಲ್ಲಿ ಚೌಕಾಸಿ ಮಾಡಬೇಡಿ. ನೆಟ್‌ವರ್ಕ್ ನಂಬುವಂತಿಲ್ಲ, ಫೋನ್‌ಪೇ ಮಾಡ್ತೀನಿ ಅಂತ ನಿಲ್ಲುವುದು ಸರಿಯಲ್ಲ, ಚಿಲ್ಲರೆ ನೋಟು ಇರಲಿ. ನಿಮ್ಮ ಪ್ಲಾಸ್ಟಿಕ್ ನಿಮ್ಮ ಚೀಲದಲ್ಲೇ ವಾಪಸ್ ಬರಬೇಕು. ಮೇಲೆ ಕಸದ ಗಾಡಿ ಬರುವುದಿಲ್ಲ. ಕುಡಿಯುವುದು, ಸ್ಪೀಕರ್ ಹಚ್ಚುವುದು ಖಂಡಿತ ಬೇಡ, ಅದು ಅವರ ಮನೆಯಂಗಳ, ದೇವರ ಜಾಗ. ಹೆಂಗಸರ, ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ. ಏನಾದರೂ ಒಯ್ಯುವ ಮನಸ್ಸಿದ್ದರೆ ಚಾಕೊಲೇಟಿಗಿಂತ ಜ್ವರ, ಗಾಯದ ಸಾಮಾನ್ಯ ಔಷಧಿ, ಬ್ಯಾಂಡೇಜ್, ಟಾರ್ಚಿನ ಸೆಲ್ ಉಪಯೋಗಕ್ಕೆ ಬರುತ್ತವೆ. ಮಾತ್ರೆಯ ಅವಧಿ ನೋಡಿ ಕೊಡಿ.

ಹೋಗಲು ಅಕ್ಟೋಬರಿನಿಂದ ಫೆಬ್ರವರಿ ಚೆನ್ನ. ಸೆಪ್ಟೆಂಬರ್ ಕೊನೆಗೆ ಬಯಲ ತುಂಬ ಹೂವು, ಆದರೆ ಮಂಜು ಕವಿದರೆ ಏನೂ ಕಾಣದು. ಹೂವಿನ ಮೇಲೆ ಕಾಲಿಡದೆ ಕಾಲುದಾರಿಯಲ್ಲೇ ನಡೆಯಿರಿ. ಜೋರು ಮಳೆಯಲ್ಲಿ ಏಣಿ, ಮೆಟ್ಟಿಲು ಜಾರುತ್ತವೆ, ಆಗ ಹೋಗಲೇಬೇಡಿ. ಚಳಿಗಾಲದಲ್ಲಿ ಹೊಲಗಳಲ್ಲಿ ಗೋಧಿ ಹಸಿರಾಗಿರುತ್ತದೆ. ಅಷ್ಟು ಎತ್ತರದಲ್ಲಿ ಗೋಧಿ ಹೊಲ ನೋಡಿ ಹೊಟ್ಟೆ ತುಂಬಿತು. ಡಿಸೆಂಬರಿನ ರಾತ್ರಿ ಚಳಿ ಪುಣೆಗಿಂತ ಜಾಸ್ತಿ, ಗಾಳಿ ಬೇರೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ, ಒಂದು ಹೊದಿಕೆ ತನ್ನಿ.

ಬೆಳಿಗ್ಗೆ ಏಳು ಬಣ್ಣದ ಮಣ್ಣಿನ ಜಾಗಕ್ಕೆ ದಾರಿ ತೋರಿಸಲು ಊರಿನ ಯಾರನ್ನಾದರೂ ಕರೆದುಕೊಳ್ಳಿ, ಕೂಲಿ ಕೊಡಿ. ಕರಿಕಲ್ಲಿನ ಬೆಟ್ಟದ ತಲೆಯ ಮೇಲೆ ಜಂಬಿಟ್ಟಿಗೆ ಇರುವುದರಿಂದ ಕೆಂಪು, ಹಳದಿ, ನೇರಳೆ ಪದರಗಳು ಕಾಣುತ್ತವೆ. ಮಣ್ಣು ಬಾಟಲಿಗೆ ತುಂಬಿಕೊಂಡು ಬರುವ ಚಟ ಬೇಡ. ಆಕಾಶ ತಿಳಿಯಾಗಿದ್ದರೆ ಅಂಚಿನಿಂದ ಕೇಂಜಳಗಡ, ರಾಜಗಡ, ತೋರಣಾ ಕೋಟೆಗಳು ಕಾಣುತ್ತವೆ, ದಕ್ಷಿಣಕ್ಕೆ ಧೋಮ್ ಜಲಾಶಯ. ಬಂಡೆಯ ಸಂದಿನಲ್ಲಿ ಹೆಜ್ಜೇನು ಇರುತ್ತವೆ. ಹೊಗೆ, ಸೆಂಟು ಎರಡೂ ಅವನ್ನು ಕೆಣಕುತ್ತವೆ.

ಮಧ್ಯಾಹ್ನ ಊಟ ಮುಗಿಸಿ ಇಳಿಯಲು ಶುರು ಮಾಡಿ. ಕತ್ತಲಾದ ಮೇಲೆ ಏಣಿಯೂ ಬೇಡ, ಘಾಟಿಯೂ ಬೇಡ. ಭಾನುವಾರ ಸಂಜೆ ಖೇಡ್ ಶಿವಾಪುರ ಟೋಲಿನ ಹತ್ತಿರ ಗಾಡಿಗಳ ಸಾಲು ಉದ್ದವಾಗುತ್ತದೆ, ನಾಲ್ಕರೊಳಗೆ ಭೋರ್ ಬಿಟ್ಟರೆ ಅದು ತಪ್ಪುತ್ತದೆ.