ಸ್ಟ್ಯಾಂಡಿನಡಿಯ ಹಲಗೆ
ಕಾರವಾರದ ಉಪ್ಪುಗಾಳಿಗೆ ಬೈಕಿನ ಚೈನು ಬೇಗ ತುಕ್ಕು ಹಿಡಿಯುವುದರಿಂದ, ಮಳೆಗಾಲ ಮುಗಿಯುತ್ತಿದ್ದಂತೆ ಗಾಡಿಯನ್ನು ಅಂಗಳದಲ್ಲೇ ಎತ್ತಿ ನಿಲ್ಲಿಸಿ ಚೈನಿಗೆ ಎಣ್ಣೆ ಹಾಕುವುದು ನನ್ನ ರೂಢಿ. ನೆನೆದ ಕೆಂಪು ಮಣ್ಣಿನಲ್ಲಿ ಸೆಂಟರ್ ಸ್ಟ್ಯಾಂಡಿನ ಕಾಲು ಹೂತು ಗಾಡಿ ವಾಲುವ ಸಂಭವವಿರುವುದರಿಂದ ಅದರಡಿ ಅಗಲವಾದ ಹಲಗೆ ಹಾಸುತ್ತೇನೆ. ತೋಳಿನ ಬಲದಿಂದ ಎತ್ತಬೇಕಾಗಿಲ್ಲ. ಸ್ಟ್ಯಾಂಡಿನ ಎರಡೂ ಕಾಲುಗಳು ಹಲಗೆಗೆ ತಾಗಿದ ಮೇಲೆ ಮೈಭಾರವನ್ನೆಲ್ಲ ಸ್ಟ್ಯಾಂಡಿನ ಮೆಟ್ಟಿನ ಮೇಲೆ ಬಿಟ್ಟರೆ ಗಾಡಿ ಹಿಂದಕ್ಕೆ ಸರಿದು ಏರುತ್ತದೆ. ಆಮೇಲೆ ಮುಂದಿನ ಬ್ರೇಕಿನ ಹಿಡಿಯನ್ನು ಹಳೆಯ ಟ್ಯೂಬಿನ ತುಂಡಿನಿಂದ ಬಿಗಿದರೆ ಗಾಡಿ ಮುಂದಕ್ಕೆ ಜಾರುವುದಿಲ್ಲ. ಎಂಜಿನ್ ಚಾಲೂ ಇಟ್ಟು ಚೈನು ಒರೆಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ, ಏಕೆಂದರೆ ಬಟ್ಟೆಯೊಡನೆ ಬೆರಳನ್ನೂ ಸ್ಪ್ರಾಕೆಟ್, ಅಂದರೆ ಚೈನು ಸುತ್ತುವ ಹಲ್ಲಿನ ಚಕ್ರ, ಎಳೆದುಕೊಳ್ಳಲು ಕ್ಷಣವೂ ಬೇಡ. ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸಾಕು. ಮುಂದಿನ ಚಕ್ರ ಬಿಚ್ಚುವುದಾದರೆ ಎಂಜಿನ್ನಿನಡಿಗೂ ಆಸರೆ ಬೇಕು, ಅದು ಸೈಲೆನ್ಸರ್ ಕೊಳವೆಗೆ ತಾಗಬಾರದು.