ಇದು ಯಾರ ಕೈಗೆ ಮಾಡಿದ್ದೋ?

ಭಾನುವಾರ ಸಂಜೆ ಅಮ್ಮ ಕೇಳಿದ್ದು ಇಷ್ಟೇ. ಇವತ್ತು ಗುರುವಾರ, ಇನ್ನೂ ಕಿವಿಯಲ್ಲೇ ಇದೆ. ಮಾತಿನಲ್ಲಿ ಕೊಂಕು ಇರಲಿಲ್ಲ. ಅಮ್ಮನಿಗೆ ಕೊಂಕು ಬರುವುದಿಲ್ಲ, ಅದಕ್ಕೆ ಅಂತಲೇ ಭಾವ ಇದ್ದಾರೆ. ನಿಜಕ್ಕೂ ಗೊತ್ತಾಗದೆ ಕೇಳಿದ ಹಾಗಿತ್ತು.

ನಮ್ಮ ಒಳಮೆಟ್ಟಿಲಿಗೆ ಎರಡೂ ಕಡೆ ಗೋಡೆ. ಹಿಡಿಯಲು ಏನೂ ಇರಲಿಲ್ಲ. ಹೋದ ವಾರ ಅಮ್ಮ ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟಳು, ಇನ್ನೊಂದು ಇತ್ತು. ಬೀಳಲಿಲ್ಲ. ಆದರೆ ಆ ಅರೆಕ್ಷಣ ಅವಳ ಕೈ ಗಾಳಿಯಲ್ಲಿ ಏನನ್ನೋ ತಡಕಾಡಿತು. ರೇಲಿಂಗ್ ನಾನೇ ಮಾಡುತ್ತೇನೆ ಅಂತ ಅವತ್ತೇ ಘೋಷಿಸಿಬಿಟ್ಟೆ.

ಶುಕ್ರವಾರ ರಾತ್ರಿ ಮೊದಲು ಗೋಡೆಗೆ ಬಣ್ಣ ಬಳಿದೆ. ಮೇಲಿಂದ ಕೆಳಗಿನವರೆಗೆ ಕೈ ಜಿಡ್ಡಿನ ಕಂದು ಗೆರೆ ಇತ್ತು, ಹೊಸ ರೇಲಿಂಗಿನ ಹಿಂದೆ ಅಸಹ್ಯವಾಗಿ ಕಾಣುತ್ತದೆ ಅಂತ.

ಮರಕ್ಕೆ ಮೊದಲು ಆರಿಸಿದ್ದು ಮೂರು ಇಂಚು ಅಗಲದ ಪಟ್ಟಿ. ನೋಡಲು ಭರ್ಜರಿ. ಹಿಡಿದರೆ ಮುಷ್ಟಿಯೇ ಕಟ್ಟುವುದಿಲ್ಲ. ಕಾಲು ಜಾರಿದಾಗ ಬೇಕಾಗುವುದು ಮುಷ್ಟಿ, ಅಲ್ವಾ? ಒಂದೂವರೆ ಇಂಚಿನ ದುಂಡು ಕೋಲಿಗೆ ಬದಲಾಯಿಸಿದೆ. 80, 120, 220 ನಂಬರಿನ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಕೆನ್ನೆಗೆ ತಾಗಿಸಿ ನೋಡಿದೆ. ಹೆಂಡತಿ ನಕ್ಕಳು. ನಗಲಿ, ಅಷ್ಟು ನಯವಾಗಿತ್ತು.

ಎತ್ತರದ ಅಳತೆ ಮೆಟ್ಟಿಲಿನ ಮುಂದಿನ ಅಂಚಿನಿಂದ ನೇರ ಮೇಲಕ್ಕೆ ಹಿಡಿಯಬೇಕು. ಸಾಮಾನ್ಯವಾಗಿ 34ರಿಂದ 38 ಇಂಚು ಇಡುತ್ತಾರೆ. ನಾನು 36 ಅಂತ ಇಟ್ಟುಕೊಂಡೆ. ಮೇಲ್ಗಡೆ ಅಂಚಿನಿಂದ ಅಳೆದೆ, ಕೆಳಗೆ ಮರೆತು ಮೆಟ್ಟಿಲಿನ ಒಳಮೂಲೆಯಿಂದ ಅಳೆದೆ. ದಾರ ಎಳೆದು ನೋಡಿದರೆ ಗೆರೆ ಮೆಟ್ಟಿಲಿನ ಜೊತೆ ಇಳಿಯುವ ಬದಲು ತನ್ನದೇ ದಾರಿ ಹಿಡಿದಿತ್ತು. ಮತ್ತೆ ಅಳೆದು, ಕೋಲು ಹೊರುವ ಬ್ರಾಕೆಟ್‌ಗಳನ್ನು ಗೋಡೆಗೆ ಕೂರಿಸಿದೆ.

ಭಾವ ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಬಂದರು. ಸ್ಕ್ರೂಡ್ರೈವರ್ ಮುಟ್ಟದೆ ಕೆಲಸ ಕಲಿಸುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. "ಗಾರೆಗೆ ಮಾತ್ರ ಕೂತಿದೆ, ಬರುತ್ತೆ ನೋಡು" ಅಂದರು. ಒಂದು ಬ್ರಾಕೆಟ್ ಹಿಡಿದು ಎಳೆದರೆ, ಸ್ಕ್ರೂ ಕಚ್ಚಲಿ ಅಂತ ತೂತಿಗೆ ತುರುಕಿದ್ದ ಪ್ಲಗ್ ಸಮೇತ ಕೈಗೆ ಬಂತು. ಅವರು ಸರಿ ಹೇಳಿದ್ದೇ ಜಾಸ್ತಿ ಉರಿದದ್ದು. ಉದ್ದದ ಸ್ಕ್ರೂ ತಂದು, ಗಾರೆ ದಾಟಿ ಇಟ್ಟಿಗೆಯೊಳಗೆ ಕೊರೆದೆ. ತೂತಿನ ಪುಡಿಯನ್ನೆಲ್ಲ ಊದಿ ತೆಗೆದೆ. ಪುಡಿ ಉಳಿದರೆ ಪ್ಲಗ್ ಕಚ್ಚುವುದಿಲ್ಲ. ಕೋಲಿಗೂ ಗೋಡೆಗೂ ಎರಡು ಇಂಚು ಸಂದು ಬಿಟ್ಟೆ, ಬೆರಳ ಗಂಟು ಗೋಡೆಗೆ ಉಜ್ಜಬಾರದಲ್ಲ. ತುದಿಗಳನ್ನು ಗೋಡೆ ಕಡೆಗೆ ತಿರುಗಿಸಿದೆ, ಸೆರಗು ಸಿಕ್ಕಿಕೊಳ್ಳದಿರಲಿ ಅಂತ.

ಕೊನೆಗೆ ಎರಡೂ ಕಾಲು ಎತ್ತಿ ಪೂರ್ತಿ ಭಾರ ಬಿಟ್ಟು ಜೋತಾಡಿದೆ. ಕಿರ್ ಎನ್ನಲಿಲ್ಲ. "ಅಮ್ಮಾ, ಬಾ, ಹಿಡಿದು ನೋಡು" ಅಂದೆ.

ಅಮ್ಮ ಹಿಡಿದಳು. ಮೊಣಕೈ ಮಡಚಿ ಭುಜ ಎತ್ತಬೇಕಾಯಿತು. ಎರಡು ಮೆಟ್ಟಿಲು ಇಳಿದು ನಿಂತು ಕೇಳಿದಳು: "ಇದು ಯಾರ ಕೈಗೆ ಮಾಡಿದ್ದೋ?"

ಭಾವ ಲೋಟದೊಳಗೆ ನೋಡಿದರು. ಅದೊಂದು ಉಪಕಾರ.

36 ಇಂಚು ನನ್ನ ಕೈಗೆ ಹದವಾಗಿದೆ. ಅಮ್ಮ ನನ್ನ ಭುಜಕ್ಕೆ ಬರುತ್ತಾಳೆ. ಅವಳ ಅಳತೆ ಗೋಡೆ ಮೇಲೇ ಇತ್ತು. ವರ್ಷಗಟ್ಟಲೆ ಅಂಗೈ ಸವರಿಕೊಂಡು ಇಳಿದು ಅವಳೇ ಎಳೆದಿದ್ದ ಗೆರೆ. ಟೇಪ್ ಕೈಗೆತ್ತಿಕೊಳ್ಳುವ ಮೊದಲೇ ಅದನ್ನು ಅಳಿಸಿದವನು ನಾನು, ಅದೂ ಎರಡು ಕೋಟ್.

ಅಲ್ಲಿಂದ ಲೆಕ್ಕ ಶುರುವಾಯಿತು. ಅಮ್ಮನಿಗೆ ಅಂತ ತಂದ ಮೆತ್ತನೆಯ ಸೋಫಾ, ಕೂತರೆ ಏಳಲು ಆಗುವುದಿಲ್ಲ. ಅಮ್ಮನಿಗೆ ಅಂತ ತಂದ ದೊಡ್ಡ ಫೋನ್, ಅವಳ ಕೈಯಲ್ಲಿ ನಿಲ್ಲುವುದಿಲ್ಲ. ಎಲ್ಲಕ್ಕೂ "ಚೆನ್ನಾಗಿದೆ ಕಣೋ" ಅಂದಿದ್ದಳು. ಈ ಸಲ ಹೇಗೋ ನಿಜ ಬಾಯಿಗೆ ಬಂದಿದೆ. ಅಥವಾ ಮೊದಲೂ ಹೇಳಿದ್ದಳೇನೋ, ಡ್ರಿಲ್ ಸದ್ದಿನಲ್ಲಿ ನನಗೆ ಕೇಳಿಸಿರಲಿಕ್ಕಿಲ್ಲ.

ಸೋಮವಾರ ಚಾಕ್‌ಪೀಸ್ ಹಿಡಿದು, "ಸುಮ್ನೆ ಯಾವತ್ತಿನ ಹಾಗೆ ಇಳಿ" ಅಂದೆ. ನಾನು ನೋಡುತ್ತಿದ್ದೇನೆ ಅಂತ ಗೊತ್ತಾಗಿ ಕೈ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಮೂರನೇ ಸಲ ನನಗೆ ಖುಷಿಯಾಗಲಿ ಅಂತ ರೇಲಿಂಗನ್ನೇ ಹಿಡಿದಳು. ಚಾಕ್‌ಪೀಸ್ ಒಳಗಿಟ್ಟೆ.

ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದೆ. ರೇಲಿಂಗಿನಿಂದ ಅರ್ಧ ಗೇಣು ಕೆಳಗೆ, ಹೊಸ ಬಣ್ಣದ ಮೇಲೆ ಮಸುಕಾಗಿ ಐದಾರು ಕಲೆ. ಪೆನ್ಸಿಲ್ ತರಲು ಹೋದೆ.